ಚೋಟುದ್ದ ಬುಡು, ಮೊಗ

ಹುಲ್ಲು ಕತ್ತರಿಸುವುದು ಹೇಗೆ ಅಂತ ಬರೆಯಲು ಕೂತಿದ್ದೇನೆ. ನಗಬೇಡಿ. ಇಂಥ ಪುಟಗಳಲ್ಲಿ ಭೂಮಿಯ ಬಗ್ಗೆ, ಬಾವಿಯ ಬಗ್ಗೆ, ಹೋಟೆಲಿನ ಬೇರೆ ಲೋಟದ ಬಗ್ಗೆ ಬರೆದವರಿದ್ದಾರೆ. ತೋಟದ ಅಲಂಕಾರಕ್ಕೆ ಬೆಳೆಸುವ ಹುಲ್ಲಿನ ಬಗ್ಗೆ ಬರೆದದ್ದನ್ನು ನಾನು ಕಂಡಿಲ್ಲ. ಅದು ಉಳ್ಳವರ ಶೋಕಿ ಅಂತ ನೀವು ಪುಟ ತಿರುವಿಬಿಡಬಹುದು. ಶೋಕಿ ಉಳ್ಳವರದೇ, ಒಪ್ಪಿದೆ. ಕುಡುಗೋಲು ಯಾರ ಕೈಯಲ್ಲಿದೆ? ನಮ್ಮಪ್ಪನ ಕೈಯಲ್ಲಿದೆ. ಹಾಗಾಗಿ ಇದು ನಮ್ಮ ವಿಷಯವೂ ಹೌದು.

ಅಪ್ಪ ಬೆಂಗಳೂರಿನ ಹೊರವಲಯದ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಮಾಲಿ. ಅದಕ್ಕೂ ಮುಂಚೆ ನಂಜನಗೂಡು ಕಡೆ, ಮಂಡ್ಯದ ಕಡೆ ಕಬ್ಬು ಕಡಿಯೋ ಗುಂಪಿನಲ್ಲಿದ್ದ. ಅದಕ್ಕೂ ಮುಂಚೆ ಊರಲ್ಲಿ ಕೂಲಿ. ನಮ್ಮೂರು ಗುಂಡ್ಲುಪೇಟೆ ಸೀಮೆ. ನಾನು ಬಿ.ಎ. ಮಾಡಿದೆ, ನಮ್ಮ ವಂಶದಲ್ಲಿ ಹೆಸರಿನ ಪಕ್ಕ ಎರಡಕ್ಷರ ಬರೆದುಕೊಂಡವನು ನಾನೇ ಮೊದಲು. ಪದ್ಯ ಬರೀತೀನಿ. ಪದ್ಯಕ್ಕೆ ಕೂಲಿ ಇಲ್ಲ. ಅತಿಥಿ ಶಿಕ್ಷಕನ ಕೆಲಸ ಒಂದು ವರ್ಷ ಇದ್ದರೆ ಇನ್ನೊಂದು ವರ್ಷ ಇಲ್ಲ. ಇಲ್ಲದ ವರ್ಷ ಶಿವರಾತ್ರಿಯಿಂದ ಯುಗಾದಿವರೆಗೆ ಅಪ್ಪನ ಜೊತೆ ದಿನಗೂಲಿಗೆ ಹೋಗ್ತೀನಿ. ಹೊರೆ ಕಟ್ಟೋದು, ಹೊರೋದು ನನ್ನ ಪಾಲು. ಕುಯ್ಯೋದು ಅವನ ಪಾಲು.

ಅಲ್ಲಿ ಜಾಸ್ತಿ ಇರೋದು ಫೌಂಟನ್ ಗ್ರಾಸ್. ಕಾರಂಜಿ ಚಿಮ್ಮಿದ ಹಾಗೆ ಗರಿಗಳು ಸುತ್ತಲೂ ಬಾಗಿ, ನಡುವೆ ಮೆತ್ತಗಿನ ತೆನೆಗಳು ತೂಗುತ್ತವೆ. ಅದರ ಕೆಂಪು-ನೇರಳೆ ಬಣ್ಣದ ಜಾತಿಯನ್ನ ಗೇಟಿನಿಂದ ಈಜುಕೊಳದವರೆಗೆ ಸಾಲಾಗಿ ನೆಟ್ಟಿದ್ದಾರೆ. ಅಪ್ಪ ಅದಕ್ಕೆ ನರಿಬಾಲ ಅಂತ ಹೆಸರಿಟ್ಟಿದ್ದಾನೆ. ಪುಸ್ತಕದ ಹೆಸರು ಪೆನ್ನಿಸೆಟಮ್. ಈಚೆಗೆ ಸಸ್ಯಶಾಸ್ತ್ರದವರು ಅದನ್ನ ಆ ಕುಲದಿಂದ ಎತ್ತಿ ಸೆಂಕ್ರಸ್ ಅನ್ನೋ ಕುಲಕ್ಕೆ ಸೇರಿಸಿದ್ದಾರೆ. ಕುಲ ಬದಲಾಯಿಸೋದು ಹುಲ್ಲಿಗೆ ಅಷ್ಟು ಸಲೀಸು! ನಮ್ಮ ಸಜ್ಜೆಯೂ ಅದೇ ಕುಲದ್ದು, ದನಕ್ಕೆ ಹಾಕೋ ನೇಪಿಯರ್ ಹುಲ್ಲೂ ಅದೇ ಕುಲದ್ದು. ಇದನ್ನ ಅಪ್ಪನಿಗೆ ಹೇಳಿದಾಗ ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ತೆನೆ ನೋಡುದ್ರೆ ಗೊತ್ತಾಗಕಿಲ್ವ, ಸಜ್ಜೆ ದಾಯಾದಿ ಕನ ಅದು" ಅಂದ. ನಾನು ಪುಸ್ತಕ ತಿರುವಿ ಕಂಡುಕೊಂಡದ್ದನ್ನ ಅವನು ತೆನೆ ಸವರಿ ಕಂಡುಕೊಂಡಿದ್ದ.

ಆಫ್ರಿಕಾ ಮೂಲದ ಹುಲ್ಲು ಇದು. ಅದರ ಹಸಿರು ಜಾತಿ ಬೀಜ ಉದುರಿಸಿಕೊಂಡು ಹವಾಯಿ ದ್ವೀಪಗಳಲ್ಲಿ ಕಾಡು ಬಿದ್ದು, ಒಣಗಿ, ಬೆಂಕಿ ಹಬ್ಬಿಸೋ ಪೀಡೆಯಾಗಿ ಕೂತಿದೆ. ಅಲಂಕಾರಕ್ಕೆ ಅಂತ ತಂದವರು ಯಾರೋ, ಬೆಂಕಿ ಆರಿಸೋರು ಯಾರೋ. ಕೆಂಪು ಜಾತಿಯಲ್ಲಿ ಮೊಳೆಯೋ ಬೀಜ ಇಲ್ಲ ಅನ್ನೋವಷ್ಟು ಕಮ್ಮಿ, ಸದ್ಯ.

ಬಹುವಾರ್ಷಿಕ ಹುಲ್ಲು ಅಂದರೆ ವರ್ಷಕ್ಕೊಮ್ಮೆ ಮೇಲಿನದ್ದು ಸತ್ತರೂ ಬುಡ ಬದುಕಿರೋ ಹುಲ್ಲು. ಆ ಸತ್ತದ್ದನ್ನ ತೆಗೆಯೋದೇ ಕತ್ತರಿಸೋ ಕೆಲಸ. ತೆಗೆಯದೆ ಬಿಟ್ಟರೆ ಹಳೇ ಒಣಗರಿ ಹೊಸ ಚಿಗುರಿನ ಮೇಲೆ ಕೂತು ಬಿಸಿಲು ತಡೆಯುತ್ತೆ. ಹಸಿರು, ಹುಲ್ಲುಬಣ್ಣ ಎರಡೂ ಕಲೆತು ಕೆದರಿದ ತಲೆ ಆಗುತ್ತೆ. ಯಾವಾಗ ತೆಗೀಬೇಕು? ಇಂಗ್ಲಿಷಿನ ತೋಟದ ಪುಸ್ತಕಗಳೆಲ್ಲ ಒಂದೇ ಮಾತು ಹೇಳ್ತವೆ: ಚಳಿಗಾಲದ ಕೊನೆಗೆ, ಹೊಸ ಚಿಗುರು ಏಳೋ ಮುಂಚೆ. ಆ ಪುಸ್ತಕಗಳು ಹಿಮ ಬೀಳೋ ದೇಶದವು. ಅಲ್ಲಿ ಒಣಹುಲ್ಲನ್ನ ಚಳಿಗಾಲವೆಲ್ಲ ನಿಲ್ಲಿಸಿರ್ತಾರೆ; ಅದು ಬುಡಕ್ಕೆ ಕಂಬಳಿ. ನಮಗೆ ಹಿಮ ಇಲ್ಲ. ನಮಗಿರೋದು ಶಿವರಾತ್ರಿ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೊರಟುಹೋಗುತ್ತೆ ಅಂತಾರಲ್ಲ, ಅಪ್ಪನ ಲೆಕ್ಕ ಅದೇ. ಶಿವರಾತ್ರಿ ಕಳೀಬೇಕು, ಯುಗಾದಿಯೊಳಗೆ ಮುಗೀಬೇಕು. ಆಮೇಲೆ ಅಶ್ವಿನಿ ಮಳೆ, ಭರಣಿ ಮಳೆ. ಭರಣಿ ಬಂದರೆ ಧರಣಿಯೆಲ್ಲ ಬೆಳೆ. ಅಷ್ಟೊತ್ತಿಗೆ ಬುಡ ಬಿಸಿಲು ಕಂಡು ತಯಾರಾಗಿರಬೇಕು. ಪುಸ್ತಕದ ಮಾತೂ ಅಪ್ಪನ ಮಾತೂ ಒಂದೇ. ಪುಸ್ತಕ ಬರೆದವನನ್ನ ತೋಟಗಾರಿಕಾ ತಜ್ಞ ಅಂತಾರೆ. ಅಪ್ಪನನ್ನ "ಏಯ್ ಮಾಲಿ" ಅಂತಾರೆ.

ಒಂದು ವರ್ಷ ಡಿಸೆಂಬರಿನಲ್ಲೇ ಕುಯ್ಯಿಸಿದರು. ಹೊಸ ವರ್ಷದ ಪಾರ್ಟಿ ಇತ್ತು, ಒಣಗಿದ್ದು ಕಾಣಬಾರದು ಅಂತ. ಅಪ್ಪ "ಈಗ ಬ್ಯಾಡ ಸಾ, ಚಳೀಲಿ ಏಳಕಿಲ್ಲ" ಅಂದ. "ನಿನ್ನ ಕೇಳಿದವರು ಯಾರು" ಅಂದರು. ಕುಯ್ದ. ಎರಡು ತಿಂಗಳು ಸಾಲಿಗೆ ಸಾಲೇ ಬೋಳುತಲೆ ಹೊತ್ತು ನಿಂತಿತ್ತು. ಆಮೇಲೆ ಬೈಗುಳ ಯಾರಿಗೆ ಬಿತ್ತು ಅಂತ ನೀವೇ ಊಹಿಸಿ.

ಈಗ ಕುಯ್ಯೋ ರೀತಿ ಹೇಳ್ತೀನಿ. ಮೊದಲು ಒಂದೊಂದು ಬುಡವನ್ನೂ ಕಾಲಿನಿಂದ ಮೆಲ್ಲಗೆ ತಟ್ಟಬೇಕು. ಹಾವಿರುತ್ತೆ, ಹಲ್ಲಿಯಿರುತ್ತೆ, ಒಮ್ಮೊಮ್ಮೆ ಹಕ್ಕಿಯ ಗೂಡಿರುತ್ತೆ. ಗೂಡಿದ್ದರೆ ಆ ಬುಡ ಬಿಟ್ಟು ಮುಂದಕ್ಕೆ. ಆಮೇಲೆ ಹುರಿ. ಇಡೀ ಬುಡವನ್ನ ಸೊಂಟದ ಎತ್ತರದಲ್ಲಿ ತಬ್ಬಿ, ಹುರಿ ಸುತ್ತಿ, ಬಿಗಿದು ಗಂಟು ಹಾಕಬೇಕು, ರಾಗಿ ಕಂತೆ ಕಟ್ಟಿದ ಹಾಗೆ. ಕಟ್ಟದೆ ಕುಯ್ದರೆ ಗರಿಗಳು ಗಾಳಿಗೆ ಹಾರಿ, ಅರ್ಧ ದಿನ ಆಯೋದರಲ್ಲೇ ಹೋಗುತ್ತೆ. ಕಟ್ಟಿದರೆ ಇಡೀ ತಲೆ ಒಂದೇ ಕಂತೆಯಾಗಿ ಕೈಗೆ ಬರುತ್ತೆ. ಇದನ್ನ ಅಪ್ಪನಿಗೆ ಯಾರೂ ಕಲಿಸಲಿಲ್ಲ; ರಾಗಿ ಹೊಲದಿಂದ ತಂದದ್ದು. ಪುಸ್ತಕದಲ್ಲೂ ಇದೇ ಉಪಾಯ ಇರೋದು ನೋಡಿ ನನಗೆ ನಗು ಬಂತು.

ಆಮೇಲೆ ಎತ್ತರ. ಇದೇ ಮುಖ್ಯ. ಹುಲ್ಲು ಗಿಡದ ಹಾಗಲ್ಲ. ಗಿಡದ ಬೆಳವಣಿಗೆ ತುದಿಯಲ್ಲಿ, ತುದಿ ಚಿವುಟಿದರೆ ಅಲ್ಲಿಗೆ ನಿಲ್ಲುತ್ತೆ. ಹುಲ್ಲು ಬೆಳೆಯೋ ಕಣ್ಣು ಕೆಳಗಿದೆ, ಮಣ್ಣಿನ ಮಟ್ಟದಲ್ಲಿ. ಅದಕ್ಕೇ ದನ ಮೇದರೂ, ಬೆಂಕಿ ಬಿದ್ದರೂ, ಕುಡುಗೋಲು ಆಡಿದರೂ ಮತ್ತೆ ಬರುತ್ತೆ. ಆದರೆ ಆ ಕಣ್ಣಿಗೇ ಏಟು ಬಿದ್ದರೆ ಮುಗೀತು. ಕಬ್ಬಿನಲ್ಲಿ ನೆಲಕ್ಕೆ ಹತ್ತಿ ಕಡೀಬೇಕು, ಕೂಳೆ ಮಣ್ಣೊಳಗಿನ ಕಣ್ಣಿಂದ ಬರಲಿ ಅಂತ. ಎತ್ತರಕ್ಕೆ ಬಿಟ್ಟರೆ ಮೇಲಿನ ಕಣ್ಣು ಒಡೆದು ಸೊರಗಿದ ಕಬ್ಬು. ನರಿಬಾಲಕ್ಕೆ ಆ ಲೆಕ್ಕ ನಡೆಯೋದಿಲ್ಲ. ಇದಕ್ಕೆ ಚೋಟುದ್ದ ಬಿಡಬೇಕು. ಹೆಬ್ಬೆರಳು, ತೋರುಬೆರಳು ಅಗಲಿಸಿದರೆ ಎಷ್ಟೋ ಅಷ್ಟು. ಪುಸ್ತಕದಲ್ಲಿ ನಾಲ್ಕರಿಂದ ಆರು ಇಂಚು ಅಂತಿದೆ. ಅಪ್ಪ ಇಂಚುಪಟ್ಟಿ ಇಟ್ಟುಕೊಂಡಿಲ್ಲ. ಎಡಗೈ ಬೆರಳು ಬುಡಕ್ಕಾನಿಸಿ, ಬಲಗೈಯಲ್ಲಿ ಎಳೀತಾನೆ. ಮೊದಲ ವರ್ಷ ನಾನು ಪಕ್ಕದಲ್ಲಿ ಕೂತು ನೋಡುವಾಗ ದಿನಕ್ಕೆ ಇಪ್ಪತ್ತು ಸಲ ಅದನ್ನೇ ಹೇಳ್ತಿದ್ದ. "ಚೋಟುದ್ದ ಬುಡು, ಮೊಗ. ಅದ್ರ ಜೀವ ಅಲ್ಲದೆ."

ಕಂಟ್ರಾಕ್ಟರು ಒಂದು ಸಲ ಬ್ರಷ್ ಕಟರ್ ಕಳಿಸಿದ. ಪೆಟ್ರೋಲ್ ಮೆಷೀನು, ಹೆಗಲಿಗೆ ನೇತುಹಾಕಿಕೊಳ್ಳೋದು. ಮೂರು ದಿನದ ಕೆಲಸ ಅರ್ಧ ದಿನಕ್ಕೆ ಮುಗೀತು. ಮೆಷೀನಿಗೆ ಚೋಟು ಗೊತ್ತಿಲ್ಲ. ಕೆಲವು ಬುಡಗಳನ್ನ ಮಣ್ಣು ಸಮೇತ ಕೆರೆದು ಹಾಕಿತ್ತು. ಯುಗಾದಿ ಹೊತ್ತಿಗೆ ಸಾಲಿನ ನಡುನಡುವೆ ಹಲ್ಲು ಉದುರಿದ ಬಾಯಿಯ ಹಾಗೆ ಖಾಲಿ. ನಾನು ಮೆಷೀನಿನ ವಿರೋಧಿ ಅಲ್ಲ. ನಡು ಬಗ್ಗಿಸಿ ಬಗ್ಗಿಸಿ ಅಪ್ಪನ ಬೆನ್ನು ಕೂಡುಗೋಲಿನ ಹಾಗೇ ಆಗಿದೆ, ಮೆಷೀನು ಬರಲಿ. ಎತ್ತರ ಎಷ್ಟು ಅಂತ ಮೆಷೀನು ತಂದವನು ಅಪ್ಪನನ್ನ ಒಂದು ಮಾತು ಕೇಳಬಹುದಿತ್ತು, ಅಷ್ಟೆ.

ಕೈಯ ವಿಷಯ. ಹುಲ್ಲು ಮಣ್ಣಿನಿಂದ ಸಿಲಿಕಾ ಹೀರಿ ಗರಿಯಲ್ಲಿ ತುಂಬಿಕೊಳ್ಳುತ್ತೆ. ಸಿಲಿಕಾ ಅಂದರೆ ಮರಳಿನ ಜೀವಾಳ, ಗಾಜು ಮಾಡೋ ಪದಾರ್ಥ. ಗರಿಯ ಅಂಚಿಗೆ ಕಣ್ಣಿಗೆ ಕಾಣದ ಗರಗಸದ ಹಲ್ಲು. ದನ ಮೇಯದಿರಲಿ ಅಂತ ಹುಲ್ಲು ಮಾಡಿಕೊಂಡ ಆಯುಧ ಅದು. ದಕ್ಷಿಣ ಅಮೆರಿಕದ ಪಂಪಾಸ್ ಹುಲ್ಲು ಅಂತ ಒಂದಿದೆ, ಬಿಳೀ ಕುಚ್ಚಿನದು; ಅದರ ಗರಿ ಮುಟ್ಟಿದರೆ ಬ್ಲೇಡು. ನರಿಬಾಲ ಅಷ್ಟಿಲ್ಲ. ಆದರೂ ಮೂರು ದಿನ ಕಂತೆ ತಬ್ಬಿ ನೋಡಿ. ಮುಂಗೈ ತುಂಬ ಎಳೆ ಎಳೆ ಗೀರು. ರಾತ್ರಿ ಸಾರಿನ ಖಾರ ತಾಗಿದರೆ ಗೊತ್ತಾಗುತ್ತೆ. ತೋಟದ ಪುಸ್ತಕದಲ್ಲಿ ಮೊದಲ ಸಾಲೇ: ಕೈಗವಸು ಹಾಕಿಕೊಳ್ಳಿ, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ. ಕೈಗವಸು ಕೊಡಿ ಅಂತ ಅಪ್ಪ ಎರಡು ವರ್ಷ ಕೇಳಿದ. ಮೂರನೇ ವರ್ಷ ಬಂತು, ಒಂದು ಜೊತೆ. ಮಾಲಿಗಳು ನಾಲ್ಕು ಜನ. ಅವ್ವ ಹಳೇ ಪ್ಯಾಂಟಿನ ಕಾಲು ಕತ್ತರಿಸಿ ಎಲ್ಲರಿಗೂ ತೋಳು ಹೊಲಿದುಕೊಟ್ಟಳು. ಕಾಲೇಜಿಗೆ ಹಾಕ್ತಿದ್ದ ನನ್ನ ಪ್ಯಾಂಟು ಅದು.

ಮೂರು ನಾಲ್ಕು ವರ್ಷ ಆದ ಬುಡದ ನಡುಭಾಗ ಸಾಯುತ್ತೆ. ಸುತ್ತ ಹಸಿರು ಬಳೆ, ಮಧ್ಯೆ ಕರಕಲು. ಆಗ ಕುಯ್ದರೆ ಸಾಲದು. ಹಾರೆ ಹಾಕಿ ಎತ್ತಿ, ಮಚ್ಚಿನಲ್ಲಿ ಸೀಳಿ, ಅಂಚಿನ ಜೀವಂತ ತೆಂಡೆಗಳನ್ನ ಬೇರೆ ಬೇರೆ ನೆಟ್ಟು, ನಡುವಿನದನ್ನ ಎಸೀಬೇಕು. ಪದ್ಯ ಬರೆಯೋನಿಗೆ ಇಲ್ಲಿ ಉಪಮೆ ತಾನಾಗಿ ಬಂದು ಕಾಲಿಗೆ ತೊಡರುತ್ತೆ. ಊರ ನಡು, ಊರ ಅಂಚಿನ ಕೇರಿ, ಇತ್ಯಾದಿ. ಬರೆದೂ ನೋಡಿದೆ. ಅಪ್ಪನಿಗೆ ಓದಿದೆ. "ಎಲ್ಲ ಸರಿ, ನೆಟ್ ಮ್ಯಾಲೆ ನೀರ್ ಬುಡಾದ್ ಬರ್ದೇ ಇಲ್ವಲ್ಲ" ಅಂದ. ಹರಿದುಹಾಕಲಿಲ್ಲ, ಮಡಚಿಟ್ಟಿದ್ದೇನೆ. ಸೀಳಿ ನೆಟ್ಟ ತೆಂಡೆಗೆ ಹದಿನೈದು ದಿನ ಬಿಡದೆ ನೀರು ಬೇಕು, ಅದು ನಿಜ.

ಕುಯ್ದ ಹುಲ್ಲು ಏನಾಗುತ್ತೆ? ಆಗಬೇಕಾದ್ದು ಬಹಳ ಇದೆ. ಕತ್ತರಿಸಿ ಗಿಡದ ಬುಡಕ್ಕೆ ಹೊದಿಸಿದರೆ ನೀರು ಉಳಿಯುತ್ತೆ. ಕೊಟ್ಟಿಗೆಯಲ್ಲಿ ಹಾಸಬಹುದು. ಅಲ್ಲಿ ಅದು ಕಸ. ಕಪ್ಪು ಚೀಲದಲ್ಲಿ ತುಂಬಿ, ಟ್ರಾಕ್ಟರಿಗೆ ಕಾಸು ಕೊಟ್ಟು ಹೊರಗೆ ಕಳಿಸ್ತಾರೆ. ನಾವಿರೋ ವಠಾರದ ಹಿಂದೆ ಒಬ್ಬ ಅಜ್ಜಿ ಎರಡು ಹಸು ಕಟ್ಟಿದ್ದಾಳೆ. ಅವಳ ಕೊಟ್ಟಿಗೆಗೆ ಅಂತ ಅಪ್ಪ ಒಂದು ಸಂಜೆ ಒಂದು ಹೊರೆ ಹೊತ್ತು ಗೇಟಿಗೆ ಬಂದ. ಕಾವಲುಗಾರ ಹೊರೆ ಇಳಿಸಿ ಬಿಚ್ಚಿಸಿದ. ಅವನದೂ ತಪ್ಪಲ್ಲ, ಕೆಲಸದವರು ಹೊರಗೆ ಒಯ್ಯೋದನ್ನೆಲ್ಲ ಬಿಚ್ಚಿ ನೋಡಬೇಕು ಅಂತ ಅವನಿಗೆ ಹೇಳಿದ್ದಾರೆ. ಒಳಗೆ ಏನೂ ಇರಲಿಲ್ಲ, ಹುಲ್ಲು. ಆದರೂ ಬರೆದುಕೊಟ್ಟ ಚೀಟಿ ಬೇಕು ಅಂದ. ಕಸಕ್ಕೆ ಚೀಟಿ. ಅಪ್ಪ ಹೊರೆಯನ್ನ ಅಲ್ಲೇ ಬಿಟ್ಟು ಬಂದ. ಮಾರನೇ ದಿನ ಅದೇ ಹೊರೆ ಟ್ರಾಕ್ಟರು ಹತ್ತಿತು. ಟ್ರಾಕ್ಟರಿಗೆ ಚೀಟಿ ಬೇಕಾಗಲಿಲ್ಲ.

ಬೆಂಗಳೂರನ್ನ ಉದ್ಯಾನನಗರಿ ಅಂತಾರೆ. ಲಾಲ್‌ಬಾಗ್ ಶುರುವಾದದ್ದು 1760ರಲ್ಲಿ, ಹೈದರಾಲಿ ಕಾಲದಲ್ಲಿ. ಜರ್ಮನಿಯಿಂದ ಬಂದು, ಬರೋಡದಲ್ಲಿದ್ದು, 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದ ಕೃಂಬಿಗಲ್ ಈ ಊರಿನ ಸಾಲುಮರಗಳಿಗೆ, ತೋಟಗಳಿಗೆ ರೂಪ ಕೊಟ್ಟರು. ಅವರ ಹೆಸರಲ್ಲಿ ಲಾಲ್‌ಬಾಗಿನ ಹತ್ತಿರ ರಸ್ತೆ ಇದೆ. ಇರಲಿ, ಆ ಮನುಷ್ಯ ಕೆಲಸ ಬಲ್ಲವನು. ನಾನು ಕೇಳೋದು ಇಷ್ಟೇ: ಅವರು ಬರೆದ ನಕ್ಷೆಯ ಮೇಲೆ ಗುಂಡಿ ತೋಡಿದವರು, ನೀರು ಹೊತ್ತವರು, ಹುಲ್ಲು ಕುಯ್ದವರು ಎಲ್ಲಿಂದ ಬಂದಿದ್ದರು, ಯಾವ ಕೇರಿಯವರು? ಅವರ ಹೆಸರಿನ ಒಂದು ಓಣಿಯನ್ನೂ ನಾನು ಕಂಡಿಲ್ಲ.

ಇನ್ನು ಲಾವಂಚ. ಬರೆಯಲು ಕೂತದ್ದು ಇದಕ್ಕಾಗಿಯೇ ಅಂದರೂ ಸರಿ.

ಆ ಅಪಾರ್ಟ್‌ಮೆಂಟಿನಲ್ಲಿ ಕಾರು ಇಳಿಯೋ ಜಾರಿನ ಪಕ್ಕ ಮಣ್ಣಿನ ದಿಬ್ಬ ಇದೆ. ಮಳೆಗೆ ಮಣ್ಣು ಕುಸೀತಾ ಇತ್ತು. ತೋಟದ ವಿನ್ಯಾಸ ಮಾಡೋರು ಬಂದು ಲಾವಂಚ ನೆಡಿಸಿದರು. ಅದರ ಗುಣಗಾನ ಮಾಡಿ ಕಮಿಟಿಯವರಿಗೆ ಒಂದು ಗಂಟೆ ಹೇಳಿದರಂತೆ: ಬೇರು ಅಡ್ಡ ಹರಡೋದಿಲ್ಲ, ಮೂರು ಮೀಟರಿನವರೆಗೆ ನೇರ ಕೆಳಕ್ಕೆ ಇಳಿಯುತ್ತೆ, ಮಣ್ಣು ಹಿಡಿಯುತ್ತೆ, ಎತ್ತರವಾಗಿ ಅಂದವಾಗಿ ನಿಲ್ಲುತ್ತೆ. ಎಲ್ಲ ನಿಜ. ಅಪ್ಪ ದೂರ ನಿಂತು ಕೇಳಿಸಿಕೊಂಡ. ಯಾಕೆಂದರೆ ಈ ಹುಲ್ಲು ನಮ್ಮ ಸೀಮೆಯದು. ಗುಂಡ್ಲುಪೇಟೆ ಸುತ್ತಮುತ್ತ ತಲೆಮಾರುಗಳಿಂದ ಹೊಲದ ಬದುವಿಗೆ ಲಾವಂಚ ನೆಡ್ತಾರೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಮಣ್ಣು ಸಂರಕ್ಷಣೆಯ ತಜ್ಞರು ಈ ಹುಲ್ಲನ್ನ ದೇಶದೇಶಕ್ಕೆ ಸಾರಲು ಹೊರಟಾಗ ನಮ್ಮ ಕಡೆಯ ಬದುಗಳನ್ನ ಸಾಕ್ಷಿಗೆ ತೋರಿಸಿದರು. 1993ರಲ್ಲಿ ವಾಷಿಂಗ್ಟನ್ನಿನಲ್ಲಿ ಈ ಹುಲ್ಲಿನ ಬಗ್ಗೆಯೇ ಅಚ್ಚಾದ ಪುಸ್ತಕದಲ್ಲೂ ನಮ್ಮ ಸೀಮೆಯ ರೈತರ ಮಾತಿದೆ. ಇಂಗ್ಲಿಷಿನ ವೆಟಿವರ್ ಅನ್ನೋ ಹೆಸರೂ ಪಕ್ಕದ ತಮಿಳಿನ ವೆಟ್ಟಿವೇರ್‌ನಿಂದ ಹೋದದ್ದು. ಕಡೆಯಕ್ಷರಗಳಲ್ಲಿ ನಮ್ಮ ಬೇರೇ ಇದೆ.

ಲಾವಂಚವನ್ನ ನರಿಬಾಲದ ಹಾಗೆ ಚೋಟಿಗೆ ಕುಯ್ಯೋದಿಲ್ಲ. ಬದುವಿನ ಲಾವಂಚಕ್ಕೆ ಮೊಳದ ಹತ್ತಿರ ಬಿಡಬೇಕು, ಒಂದಡಿಯಿಂದ ಒಂದೂವರೆ ಅಡಿ. ವರ್ಷಕ್ಕೆ ಎರಡು ಮೂರು ಸಲ ಕುಯ್ದಷ್ಟೂ ತೆಂಡೆ ಒಡೆದು ಒತ್ತಾಗಿ, ಗೋಡೆಯ ಹಾಗಾಗುತ್ತೆ. ನೀರು ನಿಂತು ನಿಂತು ಜಿನುಗುತ್ತೆ, ಮಣ್ಣು ಹಿಂದೆ ಉಳಿಯುತ್ತೆ. ಎಳೇ ಗರಿ ದನ ತಿನ್ನುತ್ತೆ, ಬಲಿತದ್ದು ಸೂರಿಗೆ. ಇನ್ನೊಂದು ಗುಣ ಇದೆ. ನಾವು ನೆಡೋ ಜಾತಿಯಲ್ಲಿ ಮೊಳೆಯೋ ಬೀಜ ಇಲ್ಲ. ತೆಂಡೆ ಕಿತ್ತು ನೆಟ್ಟರೇ ಉಂಟು, ತಾನಾಗಿ ಎಲ್ಲಿಗೂ ಹೋಗೋದಿಲ್ಲ. ಅಂದರೆ ತಾತ ಎಲ್ಲಿ ನೆಟ್ಟನೋ ಅಲ್ಲೇ ಇರುತ್ತೆ.

ನಮ್ಮ ತಾತ ನೆಟ್ಟಿದ್ದ. ಅವನಿಗೆ ಸರ್ಕಾರದಿಂದ ದರಖಾಸ್ತಿನಲ್ಲಿ ಎರಡೆಕರೆ ಸಿಕ್ಕಿತ್ತು, ಕಲ್ಲು ಇಳಿಜಾರು. ಇಂತಿಷ್ಟು ವರ್ಷ ಪರಭಾರೆ ಮಾಡಕೂಡದು ಅಂತ ಷರತ್ತಿನ ಮೇಲೆ ಕೊಟ್ಟದ್ದು. ತಾತನಿಗೆ ಷರತ್ತು ಓದಲು ಬರ್ತಿರಲಿಲ್ಲ. ಕಲ್ಲು ಆಯ್ದ, ಇಳಿಜಾರಿಗೆ ಅಡ್ಡಲಾಗಿ ಮೇಲೊಂದು ಕೆಳಗೊಂದು ಸಾಲು ಲಾವಂಚ ನೆಟ್ಟ. ಮಣ್ಣು ನಿಂತು ರಾಗಿ ಬರೋ ಹಾಗಾಯ್ತು. ಆಮೇಲೆ ಮಗಳ ಮದುವೆಗೆ ಸಾಲ. ಸಾಲಕ್ಕೆ ಹೆಬ್ಬೆಟ್ಟು. ಹೆಬ್ಬೆಟ್ಟು ಒತ್ತಿದ ಕಾಗದ ಆಧಾರವೋ ಕ್ರಯವೋ ಅವನಿಗೆ ಕೊನೇವರೆಗೂ ಗೊತ್ತಾಗಲಿಲ್ಲ. ಹೊಲ ಉಳ್ಳವರೊಬ್ಬರದಾಯ್ತು. ತಾತ ಅದೇ ಹೊಲಕ್ಕೆ ಕೂಲಿಗೆ ಹೋದ, ತಾನೇ ನೆಟ್ಟ ಬದುವನ್ನ ಕೂಲಿಗೆ ಕುಯ್ದ. ಅಪ್ಪ ಕುಡುಗೋಲು ಹಿಡಿಯೋದು ಕಲಿತದ್ದು ಆ ಬದುವಿನ ಮೇಲೆ.

ಇಂಥ ಜಮೀನಿಗೆ ಒಂದು ಕಾಯ್ದೆ ಇದೆ, ನಿಮಗೆ ಗೊತ್ತಿರೋದೇ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯ ಪರಭಾರೆ ನಿಷೇಧ ಕಾಯ್ದೆ, 1978ರದು. ಷರತ್ತು ಮುರಿದು ಕೊಂಡ ಜಮೀನು ಮೂಲದವರಿಗೆ ವಾಪಸು ಬರಬೇಕು. ಅಪ್ಪನಿಗೆ ಈ ಕಾಯ್ದೆ ಇದೆ ಅಂತ ಗೊತ್ತಾದದ್ದು ನಾನು ಹೈಸ್ಕೂಲಿನಲ್ಲಿದ್ದಾಗ, ಸಂಘದವರು ಕೇರಿಗೆ ಬಂದು ಹೇಳಿದ ಮೇಲೆ. ಅರ್ಜಿ ಹಾಕಿದ. 2017ರಲ್ಲಿ ಸುಪ್ರೀಂ ಕೋರ್ಟು, ಅರ್ಜಿ ಸಮಂಜಸವಾದ ಕಾಲದೊಳಗೆ ಬರಬೇಕು ಅಂತ ತೀರ್ಪು ಕೊಟ್ಟಿತು. ತಡವಾಗಿದೆ ಅಂತ ನಮ್ಮದು ವಜಾ ಆಯ್ತು. ಓದು ಬಾರದವನು ಎಷ್ಟು ವರ್ಷದೊಳಗೆ ಓದಬೇಕಿತ್ತು? 2023ರಲ್ಲಿ ವಿಧಾನಸಭೆ ಕಾಯ್ದೆಗೆ ತಿದ್ದುಪಡಿ ತಂದು, ಕಾಲಮಿತಿ ಇಲ್ಲ ಅಂತ ಬರೆಯಿತು. ಮತ್ತೆ ಹಾಕಿದ್ದೇವೆ, ಈ ಸಲ ಅರ್ಜಿ ನಾನೇ ಬರೆದೆ. ಆ ತಿದ್ದುಪಡಿಯ ಮೇಲೂ ತಕರಾರುಗಳಿವೆ, ನಡೀತಾ ಇದೆ.

ಹೋದ ವರ್ಷ ಜಮೀನು ತೋರಿಸಿ ಅಂದರು. ಹೋದೆವು. ಬದುವಿನ ಕಲ್ಲುಗಳು ಇದ್ದಲ್ಲಿ ಇರಲಿಲ್ಲ. ಕಲ್ಲಿಗೆ ರಾತ್ರಿ ಕಾಲು ಬರುತ್ತೆ, ಹಳ್ಳಿಯಲ್ಲಿ ಹುಟ್ಟಿದವರಿಗೆ ಇದನ್ನ ವಿವರಿಸಬೇಕಿಲ್ಲ. ಅಳೆಯೋರು ಕಾಗದ ಹಿಡಿದು ಅತ್ತಿತ್ತ ನೋಡಿದರು. ಎದುರಿನವರು ಕೈ ತೋರಿಸಿದ್ದೇ ಗಡಿ ಆಗೋ ಹಾಗಿತ್ತು. ಅಪ್ಪ ಏನೂ ಮಾತಾಡದೆ ಇಳಿಜಾರಿನ ಮೇಲಕ್ಕೆ ಹತ್ತಿ ಹೋಗಿ, ಕಳೆ ಬೆಳೆದಿದ್ದ ಪೊದೆಯೊಳಗೆ ಕೈಯಿಟ್ಟು ಸರಿಸಿದ. ಲಾವಂಚ. ವರ್ಷಗಟ್ಟಲೆ ಯಾರೂ ಕುಯ್ದಿರಲಿಲ್ಲ. ನಡುನಡುವೆ ಸತ್ತಿತ್ತು, ಉತ್ತಾಗ ನೇಗಿಲು ತಾಗಿ ಕೆಲವು ಕಡೆ ಹೋಗಿತ್ತು. ಆದರೂ ಸಾಲು ಸಾಲೇ. ಈ ತುದಿಯಿಂದ ಆ ತುದಿಗೆ ನೂಲು ಹಿಡಿದ ಹಾಗೆ. ಕೆಳಗಿನ ಸಾಲೂ ಅಷ್ಟೆ. "ಇದ ನಮ್ಮಪ್ಪ ನೆಟ್ಟದ್ದು ಸಾ. ಇದ್ಕ ಬೀಜ ಇಲ್ಲ, ಇದು ಜರುಗಕಿಲ್ಲ" ಅಂದ. ಅಳೆಯೋರು ಹುಲ್ಲನ್ನ ಸಾಕ್ಷಿ ಅಂತ ಬರೆದುಕೊಂಡರೋ ಇಲ್ಲವೋ ಕಾಣೆ. ಫೋಟೋ ನಾನು ತೆಗೆದಿದ್ದೇನೆ.

ಅಪ್ಪ ಸೊಂಟದಲ್ಲಿ ಕುಡುಗೋಲು ಇಟ್ಟುಕೊಂಡೇ ಬಂದಿದ್ದ. ಎಲ್ಲರೂ ಹೋದ ಮೇಲೆ ಮೇಲಿನ ಸಾಲಿನಲ್ಲಿ ಮೂರು ನಾಲ್ಕು ಬುಡ ಕುಯ್ದ, ಮೊಳದೆತ್ತರ ಬಿಟ್ಟು. ಎದುರಿನ ಹೊಲದಲ್ಲಿ ನಿಂತಿದ್ದವರು "ಯಾರಪ್ಪಾ ಅದು, ಯಾರ ಹೊಲದಲ್ಲಿ ಕುಯ್ತಿರೋದು" ಅಂತ ಕೂಗಿದರು. ಅಪ್ಪ ತಿರುಗಿ ನೋಡಲಿಲ್ಲ.

ಮುಂದಿನ ವಾಯಿದೆ ಶಿವರಾತ್ರಿ ಆದ ಮಾರನೇ ವಾರ. ಅಪಾರ್ಟ್‌ಮೆಂಟಿನ ಹುಲ್ಲು ಕುಯ್ಯೋದೂ ಅದೇ ವಾರ. ಅಪ್ಪ ಎರಡು ದಿನ ರಜ ಕೇಳಿದ, ಬದಲಿ ಆಳು ಕೊಟ್ಟು ಹೋಗು ಅಂದರು. ಬದಲಿ ನಾನೇ. ಕುಡುಗೋಲು ಸಾಣೆಗೆ ಕೊಟ್ಟು ಬಂದಿದ್ದೇನೆ, ಹುರಿ ಅವ್ವ ಹೊಸೆದಿಟ್ಟಿದ್ದಾಳೆ. ಗೇಟಿನ ಕಡೆಯಿಂದ ಶುರು ಮಾಡು, ಈಜುಕೊಳದ ಹತ್ತಿರದ ಎರಡು ಬುಡ ಬಿಟ್ಟುಬಿಡು, ಅಲ್ಲಿ ಹಕ್ಕಿ ಗೂಡು ಕಟ್ಟಿದೆ ಅಂತ ಅಪ್ಪ ಹೇಳಿದ್ದಾನೆ.